ಎಡಕ್ಕೆ ವಾಲಿದ ಫಾರ್ಗೊ

ಚೆಂಬೂರು ನಾಕಾದಲ್ಲಿ ಮಾನ್‌ಖುರ್ದಿನ ಗ್ಯಾರೇಜಿಗೆಂದು ರಿಕ್ಷಾ ಹತ್ತಿದಾಗಿನಿಂದ ಧನರಾಜನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಶೀಲಕ್ಕ ಆ ಗಾಡಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲಬಾರದು. ಒಂದು ಫೋಟೊ, ಬೇಕಿದ್ದರೆ ಇನ್ನೊಂದು, ಆಮೇಲೆ ಇದೇ ರಿಕ್ಷಾದಲ್ಲಿ ಅವಳನ್ನು ಹೋಟೆಲಿಗೆ ವಾಪಸು ಕಳಿಸಿಬಿಟ್ಟರೆ ಮುಗಿಯಿತು. ಮುಲುಂಡಿನಲ್ಲಿ ತೆರೆಯುತ್ತಿರುವ ಹೊಸ ಹೋಟೆಲಿನ ಮುಂದೆ ಅಜ್ಜನ ಕಾಲದ ಫಾರ್ಗೊ ಲಾರಿಯನ್ನೇ ನಿಲ್ಲಿಸಬೇಕೆಂದು ಮಗಳು ಯಕ್ಷಿತಾ ಹಟ ಹಿಡಿದು ತಿಂಗಳುಗಳಾಗಿದ್ದವು. ಒಂದು ಕಾಲದಲ್ಲಿ ಸಯನ್ನಿನ ರುಬ್ಬುವ ಮನೆಯಿಂದ ಅವರ ಹೋಟೆಲುಗಳಿಗೆಲ್ಲ ಇಡ್ಲಿ ದೋಸೆಯ ಹಿಟ್ಟು ಹೊತ್ತ ಗಾಡಿ ಅದು. ನಿನ್ನೆ ಊಟಕ್ಕೆ ಕೂತಾಗ ಅವಳು ಇದ್ದಕ್ಕಿದ್ದ ಹಾಗೆ, "ಪಪ್ಪಾ, ಶೀಲಾ ಆಂಟಿ ನಮ್ಮಲ್ಲಿ ಎಲ್ಲರಿಗಿಂತ ಪುರಾನಾ ಸ್ಟಾಫ್ ಅಲ್ವಾ? ಟ್ರಕ್ ಜೊತೆ ಅವರ ಫೋಟೊ ಬೇಕೇ ಬೇಕು" ಎಂದಳು. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕು. ಅವನು ಕಾರಣ ಹುಡುಕುತ್ತಿದ್ದ ಹಾಗೆ ಹೆಂಡತಿ ಎರಡನೆಯ ಸಲ ಸಾರು ಬಡಿಸಿದಳು, ಮಾತು ಹೋಟೆಲಿನ ಬಣ್ಣಕ್ಕೆ, ಕುರ್ಚಿಗಳಿಗೆ ಹೋಯಿತು, ಕೈ ತೊಳೆಯುವ ಹೊತ್ತಿಗೆ ಅವನು ಒಪ್ಪಿದ್ದಾನೆಂದೇ ಎಲ್ಲರೂ ತಿಳಿದುಕೊಂಡಿದ್ದರು. ಅವನ ಜೀವಮಾನದ ಹೆಚ್ಚಿನ ಒಪ್ಪಿಗೆಗಳು ಹೀಗೇ ಆದವು.

ಪಕ್ಕದಲ್ಲಿ ಕೂತ ಶೀಲಕ್ಕ ಹಸಿರು ಅಂಚಿನ ಒಳ್ಳೆ ಸೀರೆ ಉಟ್ಟಿದ್ದಳು. ದಿನವೂ ಅಡುಗೆಮನೆಯ ಹಿಂದೆ ನೀರುಳ್ಳಿಯ ರಾಶಿಯ ಮುಂದೆ ಕೂತಿರುವವಳನ್ನು ಹೀಗೆ ಶೃಂಗಾರದಲ್ಲಿ ನೋಡಿ ಅವನಿಗೆ ಮದುವೆಮನೆಗೆ ಕರೆದುಕೊಂಡು ಹೋಗುತ್ತಿರುವ ಹಾಗೆ ಮುಜುಗರವಾಯಿತು. ಹಣೆಯ ಕುಂಕುಮ, ಕತ್ತಿನ ಕರಿಮಣಿ ದಿನವೂ ಇರುವವೇ. ಅವನ್ನು ನೋಡದೆ ಇರುವುದನ್ನು ಅವನು ಎಷ್ಟೋ ವರ್ಷಗಳಿಂದ ಅಭ್ಯಾಸ ಮಾಡಿಕೊಂಡಿದ್ದ, ಹಣ ಎಣಿಸುವ ಗಲ್ಲೆಯಲ್ಲಿ ಕೂತು ಮಾತಾಡಿಸಿದರೆ ಅವಳ ಕೈಯ ಚೂರಿಯನ್ನೇ ನೋಡುತ್ತ ಮಾತಾಡುತ್ತಿದ್ದ. "ನಾನು ಆ ಗಾಡಿಯನ್ನು ಆಮೇಲೆ ನೋಡ್ಲೇ ಇಲ್ಲ ಧಣಿಗಳೇ" ಎಂದಳು ಶೀಲಕ್ಕ, ಗಾಳಿಗೆ ಸೆರಗು ಹಿಡಿದುಕೊಂಡು. "ಸಯನ್ನಿನ ಗೋಡೌನಿನಲ್ಲಿ ಉಂಟು ಅಂತ ಗೊತ್ತಿತ್ತು. ಹೋಗ್ಬೇಕು ಅಂತ ಅನಿಸ್ಲಿಲ್ಲ. ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು, ಅಲ್ವಾ?" ಅವನು ಹೌದೆಂದ. ಅಂಗಿಯ ಒಳಗೆ ಬೆವರು ಬೆನ್ನಿನ ಗುಂಟ ಇಳಿಯಿತು. ಮೇ ತಿಂಗಳ ಸೆಕೆ, ಮಳೆ ಇನ್ನೂ ದೂರ.

ಆಮೇಲೆ ಎಂದರೆ ಯಾವುದರ ಆಮೇಲೆ ಎಂದು ಇಬ್ಬರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ಸಾವಿರದ ಐದರ ಜುಲೈಯಲ್ಲಿ ಮುಂಬಯಿ ಮುಳುಗಿದ ದಿನ ಧನರಾಜ್ ಈ ಲಾರಿಯನ್ನು ಓಡಿಸುತ್ತಿದ್ದ, ಶೀಲಕ್ಕನ ಗಂಡ ಕೊರಗಣ್ಣ ಎಡಗಡೆ ಕೂತಿದ್ದ. ಹಿಟ್ಟಿನ ಡ್ರಮ್ಮುಗಳನ್ನು ಕಾಯುವುದು ಕೊರಗಣ್ಣನ ಕೆಲಸ. ಪ್ರತಿ ತಿರುವಿನಲ್ಲೂ ಕತ್ತು ಹೊರಳಿಸಿ ಹಿಂದಿನ ಕಿಂಡಿಯಿಂದ ಮುಚ್ಚಳಗಳನ್ನು ನೋಡುತ್ತಿದ್ದ, ಚೆಲ್ಲಿದರೆ ತನ್ನ ಮೈಯಿಂದಲೇ ಏನೋ ಚೆಲ್ಲಿದ ಹಾಗೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಕುರ್ಲಾದ ಹತ್ತಿರ ನೀರು ಚಕ್ರ ದಾಟಿ ಎಂಜಿನ್ನಿಗೆ ಹೊಕ್ಕು ಗಾಡಿ ನಿಂತಿತು. "ನೀವು ಇಲ್ಲೇ ಕೂತಿರಿ ಕೊರಗಣ್ಣ, ಗಾಡಿ ಬಿಟ್ಟು ಹೋಗ್ಬೇಡಿ, ನಾನು ಯಾರನ್ನಾದ್ರೂ ಕರ್ಕೊಂಡು ಬರ್ತೇನೆ" ಎಂದು ಹೇಳಿ ಅವನು ಇಳಿದ. ಸೊಂಟದ ಮಟ್ಟಕ್ಕಿದ್ದ ನೀರು ರಸ್ತೆಯ ಕೊನೆಗೆ ಬರುವಷ್ಟರಲ್ಲಿ ಕತ್ತಿಗೆ ಬಂತು. ಯಾವುದೋ ಬಿಲ್ಡಿಂಗಿನ ಜನ ಕೈಕೊಟ್ಟು ಮೆಟ್ಟಿಲಿಗೆ ಎಳೆದುಕೊಂಡರು, ಚಹಾ ಕೊಟ್ಟರು, ಒಣ ಟವೆಲ್ ಕೊಟ್ಟರು. ಮಾರನೆಯ ದಿನ ನೀರು ಇಳಿದಾಗ ಫಾರ್ಗೊ ನಿಂತಲ್ಲೇ ನಿಂತಿತ್ತು. ಎಡಗಡೆಯ ಬಾಗಿಲು ತೆರೆದಿತ್ತು, ಸೀಟಿನ ಮೇಲೆ ಕೆಸರು ಕೂತಿತ್ತು. ಕೊರಗಣ್ಣ ಎಲ್ಲೂ ಸಿಗಲಿಲ್ಲ, ಅವನ ಹೆಣವೂ ಸಿಗಲಿಲ್ಲ. ಇದರಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಪೊಲೀಸರಿಗೆ ಹೇಳಿದ್ದ, ಊರಿನವರಿಗೆ ಹೇಳಿದ್ದ, ಶೀಲಕ್ಕನಿಗೂ ಇದೇ ಮಾತುಗಳಲ್ಲಿ ಹೇಳಿದ್ದ. ನೀನು ತಾನೇ ಏನು ಮಾಡಲಿಕ್ಕಾಗುತ್ತಿತ್ತು ಎಂದು ಎಲ್ಲರೂ ಬೆನ್ನು ತಟ್ಟಿದರು. ಶೀಲಕ್ಕ ಮಾತ್ರ ಬೇರೆ ಮಾತು ಹೇಳಿದಳು: "ನೀವು ಕೂತಿರಿ ಅಂದ ಮೇಲೆ ಅವರು ತಾವಾಗಿ ಇಳಿದು ಹೋಗುವ ಜನ ಅಲ್ಲ ಧಣಿಗಳೇ. ಯಾರೋ ಎಳ್ಕೊಂಡು ಹೋಗಿ ಬದುಕಿಸಿರ್ತಾರೆ. ಎಲ್ಲೋ ಇದ್ದಾರೆ." ಅವನನ್ನು ಸಮಾಧಾನ ಮಾಡಲೆಂದೇ ಹೇಳಿದ್ದಳು. ಅವನ ಕಿವಿಯಲ್ಲಿ ಮೊದಲಿನ ಅರ್ಧ ಮಾತ್ರ ಉಳಿಯಿತು. ತಾವಾಗಿ ಇಳಿದು ಹೋಗುವ ಜನ ಅಲ್ಲ.

ಅವಳು ಅವನನ್ನು ಒಂದು ದಿನವೂ ದೂರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರೂ ದೂರಿಲ್ಲ, ಇದನ್ನು ಅವನು ಒಂದೆರಡು ಸಲ ಹಾಗೆ ನಿಂತು ಖಾತ್ರಿ ಮಾಡಿಕೊಂಡಿದ್ದ. ಏಳು ವರ್ಷ ಕಳೆದ ಮೇಲೆ ಸತ್ತರೆಂದು ಬರೆಸಬಹುದು ಎಂದು ವಕೀಲರು ಹೇಳಿದಾಗ ಅವಳು ನಕ್ಕು ತಲೆಯಾಡಿಸಿದಳು, ಅಷ್ಟೆ. ಆ ಒಬ್ಬಳು ತನ್ನ ಮೇಲೆ ತಪ್ಪು ಹೊರಿಸಿಲ್ಲ ಎಂಬ ಒಂದು ಆಧಾರದ ಮೇಲೆ ಅವನ ಹಗಲು, ಅವನ ಊಟ, ಗಲ್ಲೆಯ ಹಿಂದಿನ ಅವನ ನಗು ಎಲ್ಲ ನಿಂತಿದ್ದವು. ಅದು ಹೋದರೆ ತಾನು ಏನಾಗುತ್ತೇನೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು, ಅದಕ್ಕೇ ಭಯವಾಗುತ್ತಿತ್ತು.

ಗ್ಯಾರೇಜಿನ ಬಾಗಿಲಲ್ಲಿ ಇಳಿದಾಗ ರಿಕ್ಷಾದವನು ನಿಲ್ಲಲು ಒಪ್ಪಲಿಲ್ಲ. ಡಬಲ್ ಕೊಡುತ್ತೇನೆಂದರೂ ಕೈಬೀಸಿ ಹೊರಟುಹೋದ. ಒಳಗೆ ನೋಡಿದರೆ ಅದಕ್ಕಿಂತ ದೊಡ್ಡ ಅವಾಂತರ ಕಾದಿತ್ತು: ಇಂದು ತಯಾರಿರುತ್ತದೆಂದು ಹೇಳಿದ್ದ ಗಾಡಿಯ ಕ್ಯಾಬಿನ್ ಚೈನಿನಲ್ಲಿ ಮೇಲಕ್ಕೇರಿ ತೂಗಾಡುತ್ತಿತ್ತು, ಕೆಳಗೆ ಉದ್ದಕ್ಕೆ ಚಾಸಿಯ ಕಬ್ಬಿಣದ ಚೌಕಟ್ಟು ಬತ್ತಲೆ ಮಲಗಿತ್ತು. ತಲೆ ಕಿತ್ತಿಟ್ಟ ಹಾಗೆ. "ಬರ್ರಿ ಸೇಟ್ರ, ಬರ್ರಿ" ಎಂದು ಮೆಕ್ಯಾನಿಕ್ ಪರಪ್ಪ ಕೈ ಒರೆಸಿಕೊಳ್ಳುತ್ತ ಬಂದ. ವಿಜಯಪುರದ ಕಡೆಯವನು, ಮಾನ್‌ಖುರ್ದಿಗೆ ಬಂದು ಮೂವತ್ತು ವರ್ಷವಾದರೂ ಮಾತು ಒಂದಿಷ್ಟೂ ಸವೆದಿಲ್ಲ. "ಇವತ್ತ ಮುಗಸಬೇಕಂತನ ಮಾಡಿದ್ದೆ ನೋಡ್ರಿ. ಮೂರು ಮೌಂಟ್ ಹಾಕೀನಿ. ಈ ಎಡಗಡೆ ಹಿಂದಿಂದು ಬಿಚ್ಚೀನಿ, ಅದರ ಕೆಳಗ ಚಾಸೀನ ಸೀಳೇತ್ರಿ. ಪಟ್ಟಿ ಕೊಟ್ಟು ಗಟ್ಟಿ ಮಾಡ್ಲಿಲ್ಲಂದ್ರ ಹೊಸಾ ರಬ್ಬರ್ ಹಾಕೂದು ದಂಡ." ಮುಗಿಯಲು ಎಷ್ಟು ಹೊತ್ತೆಂದು ಧನರಾಜ್ ಕೇಳಿದ. ಒಂದು ತಾಸು, ಎರಡು ತಾಸು ಎಂದ ಪರಪ್ಪ, ಶೀಲಕ್ಕನಿಗೆಂದು ಒಂದು ಸ್ಟೂಲನ್ನು ತನ್ನ ಬನಿಯನಿನಿಂದಲೇ ಒರೆಸಿ ಇಟ್ಟ. ಹೋಗಿ ನಾಳೆ ಬರೋಣ ಎಂದು ಧನರಾಜ್ ಬಾಯಿ ತೆರೆಯುವಷ್ಟರಲ್ಲಿ ಅವಳು ಕೂತೂ ಆಗಿತ್ತು. "ಇರ್ಲಿ ಧಣಿಗಳೇ, ಹೇಗೂ ಬಂದಾಯ್ತಲ್ಲ. ಇಲ್ಲಿ ನೆರಳುಂಟು" ಎಂದಳು.

ಬೆಂಚಿನ ಮೇಲೆ ಹಳೆಯ ಮೌಂಟುಗಳನ್ನು ಸಾಲಾಗಿ ಇಟ್ಟಿದ್ದ ಪರಪ್ಪ. ಕ್ಯಾಬಿನ್ನಿಗೂ ಚಾಸಿಗೂ ನಡುವೆ ಕೂರುವ ದಪ್ಪ ರಬ್ಬರಿನ ಬಿಲ್ಲೆಗಳು, ನಡುವೆ ಬೋಲ್ಟಿಗೆ ತೂತು, ನೋಡಲು ಥೇಟ್ ಉದ್ದಿನ ವಡೆ. ಮೂರು ಬಿಲ್ಲೆಗಳು ವಯಸ್ಸಾಗಿ ಚಪ್ಪಟೆಯಾಗಿದ್ದವು, ಸುತ್ತ ಬಿರುಕು ಬಿಟ್ಟಿದ್ದವು. ನಾಲ್ಕನೆಯದು ಬಿಲ್ಲೆಯಾಗಿ ಉಳಿದಿರಲಿಲ್ಲ, ಹೆಬ್ಬೆರಳಿನ ಗಾತ್ರದ ಒಂದು ಚೂರು. "ಇದೊಂದ ಹಿಂಗ್ಯಾಕ ಆತು ಅಂತ ಮುಂಜಾನಿಂದ ವಿಚಾರ ಮಾಡಾಕತ್ತೀನ್ರಿ. ಸವದ್ರ ನಾಕೂ ಸಮ ಸವೀಬೇಕು. ಇದಕ್ಕ ಗಾಡಿ ಎಡಕ್ಕ ವಾಲಿತ್ತು." ಗಾಡಿ ವಾಲಿದ್ದು ಧನರಾಜನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೋಡೌನಿನ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಮೊದಲು ಕಾಣುತ್ತಿದ್ದದ್ದೇ ಅದು. ಪ್ರತಿ ವರ್ಷ ಒಂದು ಕೂದಲೆಳೆಯಷ್ಟು ಹೆಚ್ಚು ವಾಲುತ್ತಿತ್ತು. ನಿಂತ ಗಾಡಿಯ ಎಡಗಡೆಯಲ್ಲಿ ಭಾರ ಹೆಚ್ಚುತ್ತಿದೆ ಎಂದರೆ ಅಲ್ಲಿ ಯಾರೋ ಕೂತಿದ್ದಾರೆ, ಕೂತೇ ಇದ್ದಾರೆ, ಎದ್ದಿಲ್ಲ. ಈ ತರ್ಕವನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ, ಬಿ.ಕಾಂ. ಮಾಡಿದವನು, ಹೋಟೆಲು ಮಾಲೀಕರ ಸಂಘದ ಸಭೆಗಳಲ್ಲಿ ಎದ್ದು ನಿಂತು ಮಾತಾಡುವವನು. ಆದರೆ ಮಗಳು ಗಾಡಿಯನ್ನು ಮುಲುಂಡಿಗೆ ಒಯ್ಯುವ ಮಾತೆತ್ತಿದಾಗ, ಗಿರಾಕಿಗಳ ಮಕ್ಕಳು ಆ ಎಡಗಡೆ ಸೀಟಿಗೆ ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುವುದನ್ನು ನೆನೆದು ಅವನು ಬೆಚ್ಚಿಬಿದ್ದಿದ್ದ. ಕ್ಯಾಬಿನ್ ಸಮ ಮಾಡಿಸಲು ಅವನು ಒಪ್ಪಿದ್ದೂ ಅದಕ್ಕೇ. ಸಮ ಮಾಡಿಸಿ, ಒಂದು ತಿಂಗಳು ಬಿಟ್ಟು ನೋಡುವುದು. ಮತ್ತೆ ವಾಲದಿದ್ದರೆ ಕೊರಗಣ್ಣ ಇಳಿದ ಎಂದು ತಿಳಿಯುವುದು.

ಯಕ್ಷಿತಾ ವಿಡಿಯೊ ಕಾಲ್ ಮಾಡಿದಳು. ಹಿಂದೆ ಎಲ್ಲೋ ಡ್ರಿಲ್ಲಿಂಗ್ ಸದ್ದು. "ಪಪ್ಪಾ, ಯೇ ಕ್ಯಾ! ಟ್ರಕ್ ತೋ ಇನ್ನೂ ಬಿಚ್ಚಿಯೇ ಉಂಟಲ್ಲ. ಆಂಟಿ, ಹಾಯ್ ಆಂಟಿ! ಸೀರೆ ತುಂಬಾ ಚೆಂದ ಉಂಟು." ಶೀಲಕ್ಕ ಫೋನಿಗೆ ಮುಖ ತೀರಾ ಹತ್ತಿರ ತಂದು ನಕ್ಕಳು. "ಪಪ್ಪಾ, ಆಂಟಿ ಲೆಫ್ಟ್ ಸೀಟಲ್ಲಿ ಕೂತು ಫೋಟೊ ಬೇಕು ನನಗೆ. ಅಂಕಲ್ ಕೂರ್ತಿದ್ದ ಜಾಗ ಅಲ್ವಾ ಅದು? ಕಿತನಾ ಟಚಿಂಗ್ ಹೋಗಾ." ಅಂಕಲ್ ಎಂಬ ಮಾತು ಮಗಳ ಬಾಯಲ್ಲಿ ಇಷ್ಟು ಹಗುರಾಗಿ ಬಂದದ್ದಕ್ಕೆ ಧನರಾಜ್ ಕಿವಿಯವರೆಗೆ ಕೆಂಪಾದ. ಆ ವರ್ಷ ಅವಳು ಐದು ವರ್ಷದವಳು, ಮಳೆಯಾದ ವಾರವೆಲ್ಲ ಜ್ವರ ಬಂದು ಮಲಗಿದ್ದಳು. ಶೀಲಕ್ಕ ಮಾತ್ರ ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ. "ಕೂರ್ತೇನೆ ಮಗಾ, ಅದಕ್ಕೆಂತ" ಎಂದಳು.

ಆ ಜ್ವರದಿಂದಲೇ ಅಲ್ಲವೇ ಎಲ್ಲ ಶುರುವಾದದ್ದು. ಔಷಧಿ ಕೊಟ್ಟರೂ ಇಳಿಯುತ್ತಿರಲಿಲ್ಲ, ಮಗು ಮಲಗಿದಲ್ಲೇ ಬೆಚ್ಚುತ್ತಿತ್ತು. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಊರಿನಲ್ಲಾದರೆ ಮನೆಯ ಸತ್ತವರಿಗೆಲ್ಲ, ಕುಲೆಗಳಿಗೆ, ಎಲೆ ಹಾಕಿ ಬಡಿಸಿ ಬಾಗಿಲು ಮುಚ್ಚಿ ಹೊರಗೆ ಕಾಯುವ ಹೊತ್ತು. ಅಮ್ಮ ಅಡುಗೆಮನೆಗೆ ಕರೆದು ಪಿಸುದನಿಯಲ್ಲಿ ಹೇಳಿದಳು: "ಹಸಿದು ಬಾಯಾರಿ ಹೋದ ಜೀವ. ನೀನು ಕೂರಿಸಿ ಬಂದದ್ದು. ಮಗುವಿನ ಮೇಲೆ ಬರುವುದು ಬೇಡ. ಅವನು ಕೂತಲ್ಲಿಗೇ ಒಂದು ಎಲೆ ಹಾಕಿ ಬಾ. ಶೀಲನ ಕಿವಿಗೆ ಬೀಳದ ಹಾಗೆ." ಅಮಾವಾಸ್ಯೆಯ ಸಂಜೆ ಅವನು ಒಬ್ಬನೇ ಸಯನ್ನಿಗೆ ಹೋದ. ಗಾಡಿಯ ಸೀಟು ಇನ್ನೂ ಹಸಿಯಾಗಿತ್ತು, ಕೆಸರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸತ್ತವರಿಗೆ ಬಡಿಸುವಾಗಿನ, ತುದಿ ಕತ್ತರಿಸದ ಕೊಡಿ ಎಲೆ ಹಾಸಿ ಅನ್ನ, ಕೋಳಿಸಾರು, ಎರಡು ವಡೆ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಬಾಗಿಲು ಮುಚ್ಚಿ ಹಿಂದೆ ನೋಡದೆ ಬಂದ. ಮಗುವಿನ ಜ್ವರ ಇಳಿಯಿತು. ಜ್ವರ ಇಳಿಯುವ ಹೊತ್ತಿಗೆ ಇಳಿದಿರಬಹುದು, ಆದರೆ ಅಮಾವಾಸ್ಯೆಯ ಮಾರನೆಯ ದಿನ ಹೋಗಿ ನೋಡಿದರೆ ಎಲೆ ಚೊಕ್ಕವಾಗಿತ್ತು, ಒಂದು ಅಗುಳೂ ಇರಲಿಲ್ಲ. ಆಗ ತನಗೆ ಕಣ್ಣೀರು ಬಂದದ್ದು ದುಃಖಕ್ಕೆ ಎಂದು ಎಷ್ಟೋ ಕಾಲ ಅವನು ನಂಬಿದ್ದ. ನಿಜವಾಗಿ ಅದು ನೆಮ್ಮದಿ. ಉಂಡಿದ್ದಾನೆ, ಅಂದರೆ ಸಿಟ್ಟಿಲ್ಲ. ಅಲ್ಲಿಂದ ಪ್ರತಿ ಆಟಿಗೆ ಒಂದು ಎಲೆ. ಅಮ್ಮ ತೀರಿಕೊಂಡ ವರ್ಷವೂ ತಪ್ಪಲಿಲ್ಲ. ಬಾಗಿಲೆಲ್ಲ ಬಂದ್ ಆಗಿದ್ದ ಕೊರೋನಾದ ವರ್ಷ ಪೊಲೀಸನ ಕೈಲಿ ಬೈಸಿಕೊಂಡು ಚೆಂಬೂರಿನಿಂದ ನಡೆದೇ ಹೋಗಿದ್ದ. ಕೆಲವು ವರ್ಷ ಎಲೆಯೇ ಮಾಯವಾಗಿರುತ್ತಿತ್ತು. ಅದನ್ನು ಅವನು ಇನ್ನೂ ಒಳ್ಳೆಯದೆಂದು ತಿಳಿದುಕೊಂಡ. ಹಾಕಿದ ಅನ್ನದಲ್ಲಿ ಪ್ರೀತಿ ಎಷ್ಟಿತ್ತು, ಹೆದರಿಕೆ ಎಷ್ಟಿತ್ತು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

"ಸೇಟ್ರ, ಸ್ವಲ್ಪ ಈ ಬಾಜೂಕ ಬರ್ರಿ" ಎಂದು ಪರಪ್ಪ ಕರೆದ. ಎಡಗಡೆ, ಹಿಂದಿನ ಮೌಂಟು ಕೂರುವ ಜಾಗದಲ್ಲಿ ಯಾವ ಕಾಲದಲ್ಲೋ ಚಾಸಿಗೆ ಒಳಗಿನಿಂದ ತಗಡು ಹೊಡೆದು ಪೆಟ್ಟಿಗೆಯ ಹಾಗೆ ಮಾಡಿದ್ದರು. ಆ ತಗಡನ್ನು ಅವನು ಈಗ ಕೊಯ್ದು ತೆಗೆದಿದ್ದ. ಬೋಲ್ಟಿನ ತೂತಿನಿಂದ ಹೊರಟ ಸೀಳು ಬೆರಳುದ್ದ ಓಡಿತ್ತು. ಅದರ ತುದಿಗೆ ಒಂದು ಸಣ್ಣ ತೂತು ಹೊಡೆದರೆ ಸೀಳು ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ಬೆಸುಗೆ, ಮೇಲೆ ಹೊಸ ಪಟ್ಟಿ ಎಂದು ಪರಪ್ಪ ತೋರಿಸಿದ. "ಅದಲ್ರಿ ನಾ ಕರದಿದ್ದು. ಇಲ್ಲಿ ನೋಡ್ರಿ, ಕಳ್ಳ ಸಿಕ್ಕಾನ" ಎಂದು ನಗುತ್ತ, ಬಗ್ಗಿದ ಕಂಬಿಯೊಂದನ್ನು ಚಾಸಿಯ ಹೊಟ್ಟೆಗೆ ತೂರಿಸಿ ಎಳೆದ. ಒಣ ಕಸದ ಒಂದು ಮುದ್ದೆ ಹೊರಗೆ ಬಂದು ನೆಲಕ್ಕೆ ಬಿತ್ತು. ಕಂಬಿ ಮತ್ತೆ ಹೋಯಿತು, ಇನ್ನೊಂದು ಮುದ್ದೆ ಬಂತು. ಕಪ್ಪಾಗಿ ಸುರುಟಿಕೊಂಡ ಬಾಳೆಲೆಯ ತುಂಡುಗಳು, ಎಲೆಯ ನಾರು, ಸೀಟಿನ ಹತ್ತಿ, ಅದರ ನಡುವೆ ಸಾಸಿವೆಯಷ್ಟಷ್ಟೇ ಕಚ್ಚಿ ಉದುರಿಸಿದ ಕರಿ ರಬ್ಬರಿನ ಪುಡಿ, ಸಣ್ಣ ಸಣ್ಣ ಎಲುಬು. "ಇಲಿಗೂಡ್ರಿ. ಸೀಟಿನ ಕೆಳಗ ನೆಲಾ ತೂತು ಬಿದ್ದೇತಿ, ಅಲ್ಲಿಂದ ಇಳದಾವ. ತಿನಸು ಸಿಗತಿತ್ತು, ಇಲ್ಲೇ ಸಂಸಾರ ಹೂಡ್ಯಾವ. ಹಲ್ಲ ಕಡದ್ರ ರಬ್ಬರ್ ಇತ್ತಲ್ಲ ಬಾಜೂಕ! ಮೌಂಟ್ ತಿಂದು ಮುಗಿಸ್ಯಾವ, ಗಾಡಿ ವಾಲೇತಿ."

ಧನರಾಜ್ ಆ ಕಸವನ್ನೇ ನೋಡುತ್ತ ನಿಂತ. ಅವನ ಜೀವನದಲ್ಲಿ ಇಲಿಯಷ್ಟು ಪರಿಚಯದ ಪ್ರಾಣಿ ಇನ್ನೊಂದಿಲ್ಲ. ದಿನವೂ ಹೋಟೆಲು ಮುಚ್ಚುವ ಮೊದಲು ಅವನೇ ನಿಂತು ಬೋನು ಇಡಿಸುತ್ತಿದ್ದ, ಅಕ್ಕಿ ಚೀಲದ ಮೂಲೆ ನೋಡಿಯೇ ಇಲಿ ಬಂದದ್ದು ನಿನ್ನೆಯೋ ಮೊನ್ನೆಯೋ ಎಂದು ಹೇಳುತ್ತಿದ್ದ. ಮುಂಬಯಿಯ ಗೋಡೌನಿನಲ್ಲಿ ಅನ್ನ ಇಟ್ಟು ಬಂದರೆ ಯಾರು ತಿನ್ನುತ್ತಾರೆಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವವನನ್ನು ಕೇಳಿದ್ದರೂ ಹೇಳುತ್ತಿದ್ದ. ಕೇಳಬಾರದೆಂದೇ ಕೇಳಿಕೊಳ್ಳಲಿಲ್ಲ. ಇಷ್ಟು ವರ್ಷ ತನ್ನನ್ನು ಕ್ಷಮಿಸುತ್ತ ಬಂದದ್ದು ಇಲಿಗಳು. ಎಡಗಡೆ ಕೂತು ದಿನೇ ದಿನೇ ಭಾರವಾಗುತ್ತಿದ್ದ ಕೊರಗಣ್ಣ ಇಲಿಯ ಹಲ್ಲು. ಅವನಿಗೆ ನಗು ಬರುವ ಹಾಗಾಯಿತು. ಹಾಗಾದರೆ ಕೊರಗಣ್ಣ ಒಮ್ಮೆಯೂ ಅಲ್ಲಿ ಕೂತಿರಲಿಲ್ಲವೇ? ಅವನು ಅಲ್ಲಿಲ್ಲ ಎಂದು ತಿಳಿದರೆ ಸಮಾಧಾನವಾಗಬೇಕಿತ್ತು. ಬದಲಿಗೆ, ಕಾಲ ಕೆಳಗಿನ ನೆಲ ಯಾವತ್ತೋ ತೂತಾಗಿ ಹೋಗಿದ್ದು ಈಗ ಗೊತ್ತಾದ ಹಾಗಿತ್ತು. ಇಲ್ಲಿ ಇಲ್ಲದಿದ್ದರೆ ಅವನು ಎಲ್ಲಿ? ಆ ನೀರಿನಲ್ಲಿ ಎಷ್ಟು ದೂರ ಹೋದ? ಬಾಗಿಲು ತೆರೆದು ಇಳಿಯುವ ಮೊದಲು ಎಷ್ಟು ಹೊತ್ತು ತನ್ನ ದಾರಿ ನೋಡಿದ? ಈ ಪ್ರಶ್ನೆಗಳನ್ನೆಲ್ಲ ಒಂದು ಎಲೆಯ ಕೆಳಗೆ ಮುಚ್ಚಿಟ್ಟಿದ್ದ, ಈಗ ಎಲ್ಲವೂ ಒಟ್ಟಿಗೆ ಎದ್ದು ನಿಂತವು.

"ಇಲ್ಲಿ ಬಾಳೆಲೆ ಎಂತದು?" ಎಂದಳು ಶೀಲಕ್ಕ. ಅವಳು ಸ್ಟೂಲಿನಿಂದ ಎದ್ದು ಬಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಕಸದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು, ನೀರುಳ್ಳಿಯ ರಾಶಿಯ ಮುಂದೆ ಕೂರುವ ಹಾಗೇ. "ವಾಚ್‌ಮನ್ ಉಂಡು ಒಗದಿರಬೇಕ್ ಬಿಡ್ರಿ ಅವ್ವಾರ" ಎಂದ ಪರಪ್ಪ. ಎಷ್ಟು ಒಳ್ಳೆಯ ಮಾತು! ಹೂಂ ಅಂದರೆ ಸಾಕಿತ್ತು. ಧನರಾಜ್ ಹೂಂ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಶೀಲಕ್ಕ ಒಂದು ತುಂಡನ್ನು ಎತ್ತಿ, ಸುರುಳಿ ಬಿಡಿಸಿ, ಅಂಗೈ ಮೇಲೆ ಅಗಲ ಮಾಡಿದಳು. ತುದಿ ಇನ್ನೂ ಹಾಗೇ ಇತ್ತು. "ವಾಚ್‌ಮನ್ ಕೊಡಿ ಎಲೆಯಲ್ಲಿ ಉಣ್ತಾನಾ" ಎಂದು ತನಗೇ ಹೇಳಿಕೊಂಡ ಹಾಗೆ ಹೇಳಿ, ಇನ್ನೊಂದು ತುಂಡು ಎತ್ತಿದಳು, ಅದೂ ತುದಿ. ಮತ್ತೊಂದು. ಎಲುಬಿನ ಚೂರನ್ನು ಬೆರಳಿನಿಂದ ಸರಿಸಿದಳು. ಆಮೇಲೆ ತಲೆಯೆತ್ತಿ ಅವನ ಮುಖ ನೋಡಿದಳು. ಎಷ್ಟೋ ವರ್ಷಗಳ ನಂತರ ಅವನೂ ಅವಳ ಮುಖವನ್ನು ನೇರವಾಗಿ ನೋಡಿದ, ಬೇರೆ ಕಡೆ ನೋಡಲು ಜಾಗವಿರಲಿಲ್ಲ.

"ಆಟಿಯಲ್ಲಿ ಬಡಿಸಿದ್ದಾ?"

"ಹೌದು ಶೀಲಕ್ಕ."

"ಇಷ್ಟು ಎಲೆ ಉಂಟು. ಯಾವಾಗಿಂದ?"

ಇದಕ್ಕೆ ಸುಳ್ಳು ಹೇಳಬಹುದಿತ್ತು. ಏಳು ವರ್ಷ ಕಳೆದ ಮೇಲೆ ಎಂದಿದ್ದರೆ ಅದಕ್ಕೊಂದು ಮಾನ ಇರುತ್ತಿತ್ತು. "ಆ ವರ್ಷದಿಂದಲೇ" ಎಂದ. "ಅಮ್ಮ ಹೇಳಿದ್ರು. ಯಕ್ಷಿತಾಗೆ ಜ್ವರ ಇತ್ತು."

ಪಕ್ಕದ ಶೆಡ್ಡಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಮನಸ್ಸಿನಲ್ಲಿ ಯಾವುದೋ ದಿನವನ್ನು ಹುಡುಕಿ ತೆಗೆಯುತ್ತಿರುವವಳ ಹಾಗೆ ಶೀಲಕ್ಕ ಕಣ್ಣು ಕಿರಿದು ಮಾಡಿದಳು. "ಆ ಅಮಾವಾಸ್ಯೆ ದಿನ ನಾನು ಸಯನ್ ಆಸ್ಪತ್ರೆಯಲ್ಲಿದ್ದೆ" ಎಂದಳು. ದನಿ ಏರಲಿಲ್ಲ. "ಹೆಣ ನೋಡ್ಲಿಕ್ಕೆ ಅಲ್ಲ. ಹೆಸರು ಹೇಳ್ಲಿಕ್ಕೆ ಆಗದವ ಒಬ್ಬ ವಾರ್ಡಿನಲ್ಲಿದ್ದಾನೆ, ನಮ್ಮ ಕಡೆಯವನ ಹಾಗೆ ಕಾಣ್ತಾನೆ ಅಂತ ಯಾರೋ ಹೇಳಿದ್ರು. ನೀವೇ ರಿಕ್ಷಾ ಮಾಡಿ ಕಳಿಸಿದ್ದು ನನ್ನನ್ನು. ಒಗೆದ ಅಂಗಿ ಒಂದು ತಕ್ಕೊಂಡು ಹೋಗಿದ್ದೆ, ಅವರೇ ಆದ್ರೆ ಹಾಕಿಸ್ಲಿಕ್ಕೆ ಬೇಕಲ್ಲ ಅಂತ." ಅವಳು ಕೈಯಲ್ಲಿದ್ದ ಎಲೆಯ ತುಂಡನ್ನು ನೋಡಿದಳು. "ನಾನು ಆ ಬಾಗಿಲಲ್ಲಿ ಹೋದೆ, ನೀವು ಈ ಬಾಗಿಲಲ್ಲಿ ಬಂದು ಅವರಿಗೆ ಸತ್ತವರ ಎಲೆ ಹಾಕಿದಿರಿ."

ಗಾಡಿಯಲ್ಲಿ ಕೂರಿಸಿ ಹೋದದ್ದಕ್ಕೆ ಅವಳು ಬೈದಾಳೆಂದು ಧನರಾಜ್ ಇಷ್ಟು ವರ್ಷ ಕಾದಿದ್ದ, ಅದಕ್ಕೆ ನೂರು ಉತ್ತರ ಕಟ್ಟಿಟ್ಟುಕೊಂಡಿದ್ದ. ಇದಕ್ಕೆ ಒಂದೂ ಇರಲಿಲ್ಲ. ಅವಳು ಉಪವಾಸ ಮಾಡಿದ ವಾರಗಳೆಲ್ಲ, ಕಾಯ್ದ ಹಗಲುಗಳೆಲ್ಲ ತನ್ನ ಆ ಒಂದು ಎಲೆಯ ಬೆನ್ನ ಹಿಂದೆ ನಡೆದವು. ಅವಳು ಬದುಕಿಸಿಟ್ಟುಕೊಂಡ ಗಂಡನನ್ನು ತಾನು ವರ್ಷಕ್ಕೊಮ್ಮೆ, ತಪ್ಪದೆ, ಕೋಳಿಸಾರು ಹಾಕಿ ಕೊಂದು ಬರುತ್ತಿದ್ದ. ಹೀಗೆ ಅನಿಸಿದ್ದೇ ನಾಚಿಕೆಯಿಂದ ಅವನ ಮೈ ಬಿಸಿಯಾಯಿತು. ಪರಪ್ಪ ಏನೋ ಅರ್ಥವಾದವನ ಹಾಗೆ ಬೆಸುಗೆಯ ಕನ್ನಡಕವನ್ನು ಹಣೆಯ ಮೇಲೆ ಸರಿಸಿ ದೂರ ಹೋಗಿ ನಿಂತ. ಕಿಸೆಯಲ್ಲಿ ಫೋನು ನಡುಗಿತು, ಮಗಳೇ ಇರಬೇಕು, ಅದು ತಾನಾಗಿ ನಿಲ್ಲುವವರೆಗೂ ಅವನು ಕೈ ಹಾಕಲಿಲ್ಲ.

ಶೀಲಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಾಸಿಯ ಆ ತೆರೆದ ಹೊಟ್ಟೆಗೆ ಮೊಣಕೈವರೆಗೆ ಕೈ ಹಾಕಿ, ಕಂಬಿಗೆ ಸಿಗದೆ ಉಳಿದದ್ದನ್ನು ಬೆರಳಿನಿಂದ ಕೆರೆದು ಕೆರೆದು ಹೊರಗೆ ತೆಗೆಯತೊಡಗಿದಳು. ತುಕ್ಕು, ಹಳೆಯ ಮಳೆಯ ಒಣ ಕೆಸರು, ಎಲೆ, ಎಲುಬು ಎಲ್ಲವನ್ನೂ ಒಂದೇ ಕಡೆ ಒಟ್ಟುತ್ತಿದ್ದಳು. ಹಸಿರು ಅಂಚಿನ ಸೀರೆಗೆ ಮಸಿ ಹತ್ತಿತು. "ಇದನ್ನು ಒಳಗೇ ಇಟ್ಟು ಮುಚ್ಚಬೇಡಿ" ಎಂದು ಪರಪ್ಪನಿಗೆ ಹೇಳಿದಳು, "ಒಂದು ಸ್ವಲ್ಪ ನೀರು ಕೊಡಿ." ತಗಡಿನ ಅಂಚು ತಾಗಿ ಅವಳ ಮಣಿಕಟ್ಟಿನ ಹತ್ತಿರ ಗೀರು ಬಿದ್ದಿತ್ತು, ಅವಳು ಗಮನಿಸಲಿಲ್ಲ. ಧನರಾಜ್ ತಡೆಯಲಾರದೆ ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು ಎಲೆಯ ಚೂರುಗಳಿಗೆ ಕೈ ಚಾಚಿದ.

ಶೀಲಕ್ಕ ಆ ಕೈಯನ್ನು ಮೆಲ್ಲಗೆ, ಸಾರಿನ ಪಾತ್ರೆಯನ್ನು ಸರಿಸುವ ಹಾಗೆ, ಆಚೆ ಸರಿಸಿದಳು.

"ಬೇಡ ಧಣಿಗಳೇ. ಬಡಿಸುವುದು ನೀವು ಬಡಿಸಿ ಆಯ್ತು. ಎಲೆ ತೆಗೆಯುವುದಾದ್ರೂ ನನಗೆ ಬಿಡಿ."